ನಾಯಿ ತೊಳೆದಿರಿ, ಗೋಣಿಚೀಲ ತೊಳೆದಿರಾ?

ಮಳೆಗಾಲ ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಚಿಗಟದ್ದೇ. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ತಪ್ಪು. ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ನಾಯಿಗೆ ವಿಪರೀತ ಚಿಗಟ. ವಾರಕ್ಕೊಮ್ಮೆ ಬೇವಿನ ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡಿಸಿ, ನಿಂಬೆಹಣ್ಣು ತಿಕ್ಕುತ್ತೇವೆ. ಮೂರು ದಿನ ಆರಾಮಾಗಿರುತ್ತದೆ, ನಾಲ್ಕನೇ ದಿನ ಮತ್ತೆ ಕೆರೆತ. ಪೂರ್ತಿ ಹೋಗುವಂಥ ಮನೆಮದ್ದು ಇದ್ದರೆ ತಿಳಿಸಿ.

ನೀವು ನಾಯಿಯನ್ನು ತೊಳೆದಿದ್ದೀರಿ. ಅದು ಮಲಗುವ ಗೋಣಿಚೀಲವನ್ನು ಯಾವಾಗ ತೊಳೆದಿರಿ? ಇಡೀ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನಿಮ್ಮ ಚಿಗಟ ಇರುವುದು ಅಲ್ಲೇ.

ನಾಯಿಯ ಮೈಮೇಲೆ ಓಡಾಡುವ ದೊಡ್ಡ ಚಿಗಟ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಐದು ಅಷ್ಟೇ. ಉಳಿದ ತೊಂಬತ್ತೈದು ಮೊಟ್ಟೆ, ಹುಳು, ಗೂಡಿನ ರೂಪದಲ್ಲಿ ನೆಲದ ಮೇಲಿರುತ್ತವೆ. ನಾಯಿ ಮೇಲೆ ಹತ್ತು ಕಂಡರೆ ಮನೆಯಲ್ಲಿ ಇನ್ನೂರರ ಹತ್ತಿರ ಇವೆ ಅಂತ ತಿಳಿಯಿರಿ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಮೊಟ್ಟೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮೈ ಕೊಡವಿದಾಗ, ಮಗ್ಗುಲು ಬದಲಿಸಿದಾಗ ಉದುರುತ್ತದೆ. ಹಾಗಾಗಿ ನಾಯಿ ಎಲ್ಲಿ ಜಾಸ್ತಿ ಹೊತ್ತು ಮಲಗುತ್ತದೋ ಅಲ್ಲಿ ಮೊಟ್ಟೆಯೂ ಜಾಸ್ತಿ. ನಮ್ಮ ಕಡೆ ಅದು ಜಗಲಿಯ ಮೂಲೆ, ಕೊಟ್ಟಿಗೆಗೆ ಹಾಸಿದ ದರಗು (ಒಣ ಎಲೆ), ಬಚ್ಚಲೊಲೆಯ ಬಾಯಿ.

ಮೊಟ್ಟೆಯಿಂದ ಬರುವ ಹುಳುವಿಗೆ ಬೆಳಕು ಆಗುವುದಿಲ್ಲ. ಸಂದಿ, ಬಿರುಕು, ಚೀಲದ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಒಣ ಹವೆಯಲ್ಲಿ ಸಾಯುತ್ತದೆ, ತೇವ ಇದ್ದರೆ ಕೊಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ಅಲ್ವಾ? ಚಿಗಟದ ಹುಳುವಿಗೆ ಬೇಕಾದ ಹವೆ ಅದೇ.

ಆಮೇಲೆ ಅದು ಗೂಡು ಕಟ್ಟುತ್ತದೆ. ಎಲ್ಲರೂ ಸೋಲುವುದು ಇಲ್ಲೇ. ಗೂಡು ಅಂಟಂಟಾಗಿರುತ್ತದೆ, ಮೇಲೆ ಧೂಳು ಮೆತ್ತಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಬೇವು ಬಿಡಿ, ಅಂಗಡಿಯ ಔಷಧವೂ ಸುಲಭಕ್ಕೆ ಅದರೊಳಗೆ ಇಳಿಯುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನೆಲ ಅದುರಿದರೆ, ಮೈಯ ಬಿಸಿ, ಉಸಿರು ತಾಗಿದರೆ ತಕ್ಷಣ ಹೊರಗೆ ಹಾರುತ್ತದೆ. ಹೊಸನಗರ ಕಡೆಯ ಒಂದು ಮನೆಯವರು ತಿಂಗಳು ಬೀಗ ಹಾಕಿ ಬೆಂಗಳೂರಿಗೆ ಹೋಗಿದ್ದರು, ನಾಯಿಯನ್ನು ನೆಂಟರ ಮನೆಯಲ್ಲಿ ಬಿಟ್ಟಿದ್ದರು. ವಾಪಸ್ ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ, ಮೊಣಕಾಲಿನವರೆಗೆ ಸಾಸಿವೆ ಎರಚಿದ ಹಾಗೆ ಚಿಗಟ. ಯಾರೋ ಮಾಟ ಅಂದರಂತೆ. ಅವರು ಪೂಜೆಗೆ ಸುರಿದ ದುಡ್ಡಿನಲ್ಲಿ ನಾಯಿಗೆ ಒಂದು ವರ್ಷದ ಔಷಧ ಬರುತ್ತಿತ್ತು. ನಿಮ್ಮ ನಾಲ್ಕನೇ ದಿನದ ಕೆರೆತಕ್ಕೂ ಇದೇ ಕಾರಣ. ಅವು ಹಳೇ ಚಿಗಟಗಳಲ್ಲ, ಹೊಸದಾಗಿ ಗೂಡು ಒಡೆದು ಬಂದವು.

ಈಗ ಮದ್ದಿಗೆ ಬರೋಣ. ಬೇವಿನ ನೀರು ಚಿಗಟವನ್ನು ಸ್ವಲ್ಪ ಹೊತ್ತು ದೂರ ಇಡಬಹುದು, ಕೊಲ್ಲುವುದಿಲ್ಲ. ನಿಂಬೆಹಣ್ಣು ದಯವಿಟ್ಟು ನಿಲ್ಲಿಸಿ. ಕೆರೆದು ಗಾಯವಾದ ಚರ್ಮಕ್ಕೆ ಹುಳಿ ತಿಕ್ಕಿದರೆ ಆ ಪ್ರಾಣಿಗೆ ಎಷ್ಟು ಉರಿಯುತ್ತದೆ ಅಂತ ಒಮ್ಮೆ ಯೋಚಿಸಿ. ಸ್ನಾನದಲ್ಲಿ ನಿಜವಾಗಿ ಕೆಲಸ ಮಾಡುವುದು ನೊರೆ. ಬರೀ ನೀರಿನಲ್ಲಿ ಚಿಗಟ ತೇಲಿ ಬದುಕುತ್ತದೆ, ನೊರೆ ಇದ್ದರೆ ಮುಳುಗುತ್ತದೆ. ನಾಯಿಯ ಶಾಂಪೂ ಸಾಕು. ಅಂಟುವಾಳದ ನೊರೆಯೂ ಆಗುತ್ತದೆ, ಕಣ್ಣಿಗೆ ಮಾತ್ರ ಬೀಳಬಾರದು. ಮೊದಲು ಕುತ್ತಿಗೆ ಸುತ್ತ ದಪ್ಪ ನೊರೆಯ ಪಟ್ಟಿ ಹಾಕಿ. ಇಲ್ಲದಿದ್ದರೆ ಮೈಗೆ ನೀರು ಬಿದ್ದ ಕೂಡಲೇ ಎಲ್ಲವೂ ಓಡಿ ಕಿವಿ, ಮುಖ ಸೇರುತ್ತವೆ. ಐದರಿಂದ ಹತ್ತು ನಿಮಿಷ ನೊರೆ ಬಿಟ್ಟು ತೊಳೆಯಿರಿ. ಮಳೆಗಾಲದಲ್ಲಿ ಮಧ್ಯಾಹ್ನವೇ ಮಾಡಿಸಿ, ಟವೆಲ್‌ನಲ್ಲಿ ಒರೆಸಿ, ಬಚ್ಚಲೊಲೆ ಹತ್ತಿರ ಒಣಗಲು ಬಿಡಿ.

ಮನೆಮದ್ದು ಅಂತ ನಾನು ಧೈರ್ಯವಾಗಿ ಹೇಳುವ ವಸ್ತು ಸೀರಣಿಗೆ. ಅಜ್ಜಿ ಹೇನು ತೆಗೆಯುತ್ತಿದ್ದ ಅದೇ ಹಲ್ಲು ಹತ್ತಿರವಿರುವ ಬಾಚಣಿಗೆ. ದಿನಾ ಬಾಲದ ಬುಡದಿಂದ ಶುರು ಮಾಡಿ ಬಾಚಿ. ಸಿಕ್ಕಿದ್ದನ್ನು ಉಗುರಿನಲ್ಲಿ ಒತ್ತುತ್ತಾ ಕೂರಬೇಡಿ, ಸೋಪಿನ ನೀರಿನ ಬಟ್ಟಲಿಗೆ ಅದ್ದಿ. ಕಾಳುಮೆಣಸಿನ ಪುಡಿಯಂಥ ಕರಿ ಚೂರು ಬಂದರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯದೇ ರಕ್ತ.

ನಮ್ಮಲ್ಲಿ ಹಂಡೆ ಇಡೀ ದಿನ ಕಾಯುತ್ತಲೇ ಇರುತ್ತದೆ. ಆ ಕುದಿನೀರಲ್ಲಿ ವಾರಕ್ಕೊಮ್ಮೆ ಗೋಣಿಚೀಲ, ಹಳೇ ಕಂಬಳಿ ಅದ್ದಿ ತೆಗೆಯಿರಿ. ಇಲ್ಲವೇ ಹಳೇ ಚೀಲ ಸುಟ್ಟು ಹೊಸದು ಹಾಕಿ. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಹರವಿ. ದಿನಾ ಮೂಲೆ, ಸಂದಿ ಬಿಡದೆ ಗುಡಿಸಿ, ಕಸವನ್ನು ತೋಟದ ಬದಿಗೆ ಎಸೆಯದೆ ಒಲೆಗೆ ಹಾಕಿ. ಕೊಟ್ಟಿಗೆಯ ದರಗು ಬದಲಿಸಿ. ಮನೆಯ ಬೆಕ್ಕನ್ನೂ ಬಾಚಿ. ಚಿಗಟಕ್ಕೆ ಬೆಕ್ಕು, ಆಡು, ಕರು ಎಲ್ಲವೂ ಒಂದೇ. ಇಷ್ಟನ್ನು ಕನಿಷ್ಠ ಎಂಟು ವಾರ ನಿಲ್ಲಿಸದೆ ಮಾಡಬೇಕು, ಗೂಡಿನಲ್ಲಿ ಕಾಯುತ್ತಿರುವವು ಮುಗಿಯುವವರೆಗೆ. ಎರಡು ವಾರ ಮಾಡಿ "ಏನೂ ಉಪಯೋಗ ಆಗಲಿಲ್ಲ ಡಾಕ್ಟ್ರೇ" ಅನ್ನುವವರೇ ಜಾಸ್ತಿ.

ಔಷಧದ ಬಗ್ಗೆ ನಿಮಗೆ ಅಷ್ಟು ಭಯ ಯಾಕೆ? ನಾಯಿಯ ತೂಕ ನೋಡಿ ವೈದ್ಯರು ಕೊಡುವ ಮಾತ್ರೆ, ಹೆಗಲ ಮೇಲೆ ಬಿಡುವ ಹನಿ ಔಷಧ ನೀವು ತಿಕ್ಕುವ ನಿಂಬೆಗಿಂತ ಎಷ್ಟೋ ವಾಸಿ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ತಿಳಿಸಿ, ಕೆಲವು ಮಾತ್ರೆ ಅವಕ್ಕೆ ಆಗುವುದಿಲ್ಲ. ಹನಿ ಔಷಧವನ್ನು ಕೂದಲು ಬಿಡಿಸಿ ಚರ್ಮಕ್ಕೇ ಬಿಡಬೇಕು. ಹಿಂದೆ ಎರಡು ದಿನ, ಮುಂದೆ ಎರಡು ದಿನ ಸ್ನಾನ ಬೇಡ. ಬೆಳಿಗ್ಗೆ ಔಷಧ ಹಾಕಿ ಸಂಜೆ ಶಾಂಪೂ ಹಾಕಿ ತೊಳೆದು, "ಔಷಧ ಡೂಪ್ಲಿಕೇಟ್" ಅಂತ ನನ್ನ ಹತ್ತಿರ ಜಗಳಕ್ಕೆ ಬಂದವರಿದ್ದಾರೆ.

ಪ್ರಶ್ನೆ: ಅನ್ನಕ್ಕೆ ಬೆಳ್ಳುಳ್ಳಿ ಕಲಸಿ ಹಾಕಿದರೆ ರಕ್ತದ ವಾಸನೆಗೆ ಚಿಗಟ ಬಿಡುತ್ತದಂತೆ, ಹೌದಾ?

ಬಿಡುವುದಿಲ್ಲ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ಪ್ರಶ್ನೆ: ಸೀಮೆಎಣ್ಣೆ ಒರೆಸಬಹುದಾ? ಹೊಗೆಸೊಪ್ಪಿನ ನೀರು?

ಇದನ್ನು ಓದಿದಾಗಲೆಲ್ಲ ನನಗೆ ಒಂದು ಮರಿಯ ನೆನಪಾಗುತ್ತದೆ. ಎರಡು ತಿಂಗಳೂ ತುಂಬಿರಲಿಲ್ಲ. ಯಾರೋ ಹೇಳಿದರು ಅಂತ ಮೈಯೆಲ್ಲ ಸೀಮೆಎಣ್ಣೆ ಒರೆಸಿದ್ದರು. ಹೊಟ್ಟೆಯ ಚರ್ಮ ಬೆಂದ ಹಾಗೆ ಸುಲಿದಿತ್ತು. ಮೈ ನೆಕ್ಕಿಕೊಂಡು ಎಣ್ಣೆ ಶ್ವಾಸಕೋಶಕ್ಕೆ ಇಳಿದಿತ್ತು. ಮೂರನೇ ದಿನ ಹೋಯಿತು. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುವ ವಿಷ. ಫಿನಾಯಿಲ್, ಕರ್ಪೂರ, ತೋಟಕ್ಕೆ ಹೊಡೆಯುವ ಪುಡಿ, ಇವು ಯಾವುವೂ ಬೇಡ. ಇಂಥದ್ದನ್ನು ಹೇಳಿಕೊಡುವವರು ಮರಿ ಸತ್ತ ದಿನ ನಿಮ್ಮ ಮನೆಗೆ ಬರುವುದಿಲ್ಲ.

ಪ್ರಶ್ನೆ: ದನದ ಉಣುಗಿಗೆ ತಂದ ಔಷಧ ಉಳಿದಿದೆ. ನಾಯಿ, ಬೆಕ್ಕಿಗೆ ಹಾಕಬಹುದಾ?

ಅಳತೆ ಗೊತ್ತಿಲ್ಲದೆ ನಾಯಿಗೆ ಬೇಡ. ಬೆಕ್ಕಿಗಂತೂ ಬೇಡವೇ ಬೇಡ. ಪರ್ಮೆಥ್ರಿನ್ ಜಾತಿಯ ಔಷಧ ಬೆಕ್ಕಿಗೆ ಬಿದ್ದರೆ ನಡುಕ ಹತ್ತಿ ಪ್ರಾಣ ಹೋಗಬಹುದು. ನಾಯಿಗೆಂದೇ ಮಾಡಿದ ಹನಿ ಔಷಧಕ್ಕೂ ಈ ಮಾತು ಅನ್ವಯಿಸುತ್ತದೆ.

ಪ್ರಶ್ನೆ: ಊರಿನಲ್ಲಿ ಒಬ್ಬರು ನೂರು ರೂಪಾಯಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಚುಚ್ಚುತ್ತಾರೆ. ಹಾಕಿಸಲಾ?

ಚಿಗಟಕ್ಕೆ ಅದು ಸರಿಯಾದ ಔಷಧವೇ ಅಲ್ಲ. ಕೋಲಿ ಜಾತಿಯ ನಾಯಿಗಳಲ್ಲಿ ಮಿದುಳಿಗೆ ಇಳಿದು ಪ್ರಾಣ ತೆಗೆಯಬಹುದು. ನೂರು ರೂಪಾಯಿ ಜೇಬಿನಲ್ಲೇ ಇರಲಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ, ಅಲ್ಲಿಗೆ ಹೋಗಿ.

ಪ್ರಶ್ನೆ: ನಾಯಿಯ ಚಿಗಟದಿಂದ ನಮಗೆ ಮಂಗನ ಕಾಯಿಲೆ ಬರುತ್ತದಾ?

ಇಲ್ಲ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವನ್ನು ಹರಡುವುದು ಕಾಡಿನ ಉಣುಗು. ಚಿಗಟ ಹಾರುತ್ತದೆ, ಉಣುಗು ಹಾರುವುದಿಲ್ಲ, ಕಚ್ಚಿ ಹಿಡಿದು ಉಬ್ಬುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದನ್ನು ಮೊದಲು ಬಿಡಿ. ಡಿಸೆಂಬರ್‌ನಿಂದ ಮೇವರೆಗೆ ನಾಯಿಯನ್ನು ಕಾಡಿಗೆ ಬಿಡಬೇಡಿ. ಮೈಗೆ ಉಣುಗು ಹತ್ತಿದ್ದರೆ ಬರಿಗೈಯಲ್ಲಿ ಹಿಸುಕದೆ ಚಿಮುಟದಲ್ಲಿ ತೆಗೆಯಿರಿ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಜನರ ಕೈಕಾಲಿಗೆ ಹಚ್ಚಲು. ನಾಯಿಗೆ ಹಚ್ಚಬೇಡಿ, ನೆಕ್ಕುತ್ತದೆ.

ಪ್ರಶ್ನೆ: ಬಾಲದ ಕೆಳಗೆ ಅಕ್ಕಿಕಾಳಿನಂಥದ್ದು ಹರಿದಾಡುತ್ತದೆ. ಚಿಗಟದ ಮೊಟ್ಟೆಯಾ?

ಅದು ಲಾಡಿಹುಳುವಿನ ತುಂಡು. ಚಿಗಟವನ್ನು ಕಚ್ಚಿ ನುಂಗಿದ ನಾಯಿಗೆ ಬರುತ್ತದೆ. ಜಂತುಹುಳುವಿನ ಮಾತ್ರೆ ಕೊಡಿಸಿ, ಜೊತೆಗೆ ಚಿಗಟವನ್ನೂ ಮುಗಿಸಿ. ಒಂದನ್ನೇ ಮಾಡಿದರೆ ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಐದು ವಾರದ ಮರಿಗಳು. ಮೈತುಂಬ ಚಿಗಟ. ಒಂದು ಮರಿ ಎರಡು ದಿನದಿಂದ ಹಾಲು ಕುಡಿಯುತ್ತಿಲ್ಲ, ಸುಮ್ನೆ ಮಲಗಿರುತ್ತದೆ. ಯಾವ ಸೊಪ್ಪಿನ ರಸ ಹಚ್ಚಲಿ?

ಯಾವುದೂ ಬೇಡ. ಮರಿಯ ತುಟಿ ಎತ್ತಿ ಒಸಡು ನೋಡಿ. ನಸುಗೆಂಪಗಿರಬೇಕಾದದ್ದು ಬೆಳ್ಳಗಿದ್ದರೆ ಚಿಗಟ ಅದರ ರಕ್ತ ಕುಡಿದು ಮುಗಿಸುತ್ತಾ ಬಂದಿದೆ. ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿಕೊಂಡು ಈಗಲೇ ಪಶು ಆಸ್ಪತ್ರೆಗೆ ಹೊರಡಿ. ಉಳಿದ ಮರಿಗಳನ್ನೂ, ತಾಯಿಯನ್ನೂ ಅದೇ ಬುಟ್ಟಿ, ಅದೇ ಗಾಡಿಯಲ್ಲಿ ಕರೆದುಕೊಂಡು ಹೋಗಿ. ನಾಳೆವರೆಗೆ ಕಾಯಬೇಡಿ.