250 ಡಾಲರ್‌ನಲ್ಲಿ 1880ರ ಕಾಲದ ಅಸಲಿ ಕೌಬಾಯ್ ಉಡುಪು ಹೊಂದಿಸಬಹುದೇ? ಮೊದಲು ಹ್ಯಾಟ್ ಕೊಳ್ಳಲೋ, ಗನ್ ಬೆಲ್ಟ್ ಕೊಳ್ಳಲೋ?

ಎರಡೂ ಬೇಡ. ಮೊದಲು ಪ್ಯಾಂಟು. ಅದಕ್ಕೂ ಮೊದಲು ಒಂದು ಅಳತೆ ಟೇಪು.

ನೀವು ಡಲ್ಲಾಸ್‌ನಲ್ಲಿದ್ದೀರಿ, ಕೈಯಲ್ಲಿ 250 ಡಾಲರ್ ಇದೆ, ಆರು ವಾರ ಸಮಯವಿದೆ ಅಂತ ಬರೆದಿದ್ದೀರಿ. 2017ರಲ್ಲಿ ನಾನೂ ಅದೇ ಊರಿನಲ್ಲಿ, ಅಷ್ಟೇ ದುಡ್ಡು ತೆಗೆದಿಟ್ಟುಕೊಂಡು ಕೂತಿದ್ದೆ. ಪಕ್ಕದ ಫೋರ್ಟ್ ವರ್ತ್‌ನ ಹಳೆ ದನದ ಪೇಟೆ ಸ್ಟಾಕ್‌ಯಾರ್ಡ್ಸ್‌ನಲ್ಲಿ ಉದ್ದ ಕೊಂಬಿನ ದನಗಳನ್ನು ರಸ್ತೆಯಲ್ಲಿ ನಡೆಸಿಕೊಂಡು ಹೋಗುವುದನ್ನು ನೋಡಲು ಪ್ರತಿ ತಿಂಗಳೂ ಹೋಗುತ್ತಿದ್ದೆ. ಅಲ್ಲಿ ಪರಿಚಯವಾದವರೊಬ್ಬರು, ಒಂದೂವರೆ ಗಂಟೆ ದೂರದ ಸಣ್ಣ ಬಯಲು ವಸ್ತುಸಂಗ್ರಹಾಲಯಕ್ಕೆ ಸ್ವಯಂಸೇವಕರು ಬೇಕು ಅಂದರು. ಹಳೆ ಮರದ ಮನೆಗಳು, ಒಂದು ಚಕ್‌ವ್ಯಾಗನ್ (ದನ ಹೊಡೆಯುವವರ ಅಡುಗೆ ಗಾಡಿ), ನಾಲ್ಕು ಕುದುರೆ. ಶಾಲೆ ಮಕ್ಕಳು ಬಂದಾಗ ದನಗಳನ್ನು ದೂರದ ಪೇಟೆಗೆ ನಡೆಸಿಕೊಂಡು ಹೋಗುತ್ತಿದ್ದ ಕಾಲದ ಕೆಲಸ ಮಾಡಿ ತೋರಿಸಬೇಕು. ಷರತ್ತು ಒಂದೇ: ಬಟ್ಟೆ ನಿಮ್ಮದೇ, 1880ರ ಆಸುಪಾಸಿನದಾಗಿರಬೇಕು.

ನಾನು ಆನ್‌ಲೈನ್‌ನಲ್ಲಿ ಹುಡುಕಿದೆ. ಒಂದು ಅಂಗಡಿಯಲ್ಲಿ ಹಳೆಯ ಕಟ್ಟಿನ ಡೆನಿಮ್ ಪ್ಯಾಂಟು ಸಿಕ್ಕಿತು. ಬೆಲ್ಟ್ ತೂರಿಸುವ ಪಟ್ಟಿಗಳಿಲ್ಲ, ಜಿಪ್ ಇಲ್ಲ, ಮುಂದೆ ಗುಂಡಿಗಳು, ಹಿಂದೆ ಬಿಗಿಯುವ ಸಣ್ಣ ಪಟ್ಟಿ ಮತ್ತು ಬಕಲ್. ಎಲ್ಲ ಸರಿಯಾಗಿಯೇ ಇತ್ತು. 118 ಡಾಲರ್. ನನ್ನ ಜೀನ್ಸ್ ಅಳತೆ 34, ಹಾಗಾಗಿ 34 ಆರ್ಡರ್ ಮಾಡಿದೆ.

ನನಗೆ ದುಡ್ಡು ದಂಡವಾಗಿದ್ದು ಇದೊಂದೇ ತಪ್ಪಿನಿಂದ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇವತ್ತು ನಾವು ಹಾಕುವ ಜೀನ್ಸ್ ಸೊಂಟದ ಮೇಲೆ ಕೂರುವುದೇ ಇಲ್ಲ, ಸೊಂಟದ ಎಲುಬಿನ ಮೇಲೆ ಕೂರುತ್ತದೆ. 1880ರ ಪ್ಯಾಂಟು ಕೂರುವುದು ಹೊಕ್ಕುಳ ಮಟ್ಟದಲ್ಲಿ, ಹಿಂಬದಿ ಇನ್ನೂ ಸ್ವಲ್ಪ ಮೇಲೆ. ಅದನ್ನು ಹಿಡಿದು ನಿಲ್ಲಿಸುವುದು ಬೆಲ್ಟಲ್ಲ, ಭುಜದಿಂದ ಇಳಿಯುವ ಸಸ್ಪೆಂಡರ್. ಇವೆರಡು ಜಾಗದ ಸುತ್ತಳತೆ ಬೇರೆ ಬೇರೆ. ಅದರ ಮೇಲೆ ಈಗಿನ ಕಂಪನಿಗಳು 34 ಅಂತ ಚೀಟಿ ಹಚ್ಚಿದ ಪ್ಯಾಂಟನ್ನು ಟೇಪು ಹಿಡಿದು ಅಳೆದರೆ ಎಷ್ಟೋ ಸಲ 36 ಇರುತ್ತದೆ. ಹಳೆ ಕಟ್ಟಿನ ಪ್ಯಾಂಟಿನಲ್ಲಿ 34 ಅಂದರೆ 34 ಇಂಚು, ಅಷ್ಟೇ. ಇನ್ನೂ ಒಂದಿದೆ. ಬಟ್ಟೆಯನ್ನು ಗಿರಣಿಯಲ್ಲೇ ಕುಗ್ಗಿಸಿ ಕೊಡುವ ಸ್ಯಾನ್‌ಫರೈಸಿಂಗ್ ಪದ್ಧತಿ ಬಂದದ್ದು 1930ರ ಹೊತ್ತಿಗೆ. ಅದಕ್ಕೂ ಹಿಂದಿನ ರೀತಿಯ ಡೆನಿಮ್ ನೀರು ಕಂಡರೆ ಕುಗ್ಗುತ್ತದೆ. ನಾನು ಪಾರ್ಸೆಲ್ ಬಿಚ್ಚಿದವನೇ ಹಾಕಿ ನೋಡಲಿಲ್ಲ. ‘ಮೊದಲು ಬಿಸಿನೀರಲ್ಲಿ ನೆನೆಸಬೇಕು’ ಅಂತ ಎಲ್ಲೋ ಓದಿದ್ದೆ, ನೇರ ಬಾತ್‌ಟಬ್‌ಗೆ ಹಾಕಿದೆ. ಒಣಗಿದ ಮೇಲೆ ಅದರ ಸೊಂಟ 33 ಇಂಚಿಗೆ ಬಂದಿತ್ತು. ನೆನೆಸಿದ ಬಟ್ಟೆಯನ್ನು ಅಂಗಡಿ ವಾಪಸು ತೆಗೆದುಕೊಳ್ಳುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಹೊಕ್ಕುಳ ಮಟ್ಟದಲ್ಲಿ ಗುಂಡಿ ಹತ್ತಿರಕ್ಕೂ ಬರಲಿಲ್ಲ. ಕೆಳಗಿಳಿಸಿ ಎಲುಬಿನ ಮೇಲೆ ಹೇಗೋ ಸಿಕ್ಕಿಸಿದೆ. ಆದರೆ ಆ ಪ್ಯಾಂಟಿನ ತೊಡೆಸಂದಿಯಿಂದ ಸೊಂಟಪಟ್ಟಿಯವರೆಗಿನ ಉದ್ದ ಹೊಕ್ಕುಳಕ್ಕೆ ಅಂತಲೇ ಕತ್ತರಿಸಿದ್ದು. ಕೆಳಗಿಳಿಸಿದರೆ ಅಷ್ಟೂ ಬಟ್ಟೆ ತೊಡೆಗಳ ನಡುವೆ ಜೋತು ಬೀಳುತ್ತದೆ. ಸಸ್ಪೆಂಡರ್ ಹಾಕಿದರೆ ಅದು ಮೇಲಕ್ಕೆ ಎಳೆಯುತ್ತದೆ, ಎಲುಬು ತಡೆಯುತ್ತದೆ, ಭುಜ ನೋಯುತ್ತದೆ. ವೇಸ್ಟ್‌ಕೋಟಿನ ಅಂಚು ಮತ್ತು ಪ್ಯಾಂಟಿನ ನಡುವೆ ನಾಲ್ಕು ಬೆರಳು ಅಂಗಿ ಕಾಣುತ್ತದೆ. ಆ ಕಾಲದ ಫೋಟೋಗಳಲ್ಲಿ ಆ ಜಾಗ ಕಾಣುವುದು ತೀರಾ ಅಪರೂಪ. ಉಳಿದದ್ದೆಲ್ಲ ಸರಿಯಿದ್ದರೂ ಆ ನಾಲ್ಕು ಬೆರಳಿನ ಅಂತರ ಇಡೀ ಉಡುಪನ್ನು ಕೆಡಿಸುತ್ತದೆ.

ಮೊದಲ ದಿನ ಬೆಳಿಗ್ಗೆ ವ್ಯಾಗನ್ ಹತ್ತಿರ ನಿಂತಿದ್ದಾಗ ಅಲ್ಲಿನ ಹಿರಿಯ ಸ್ವಯಂಸೇವಕರೊಬ್ಬರು ಬಂದರು. ಅವರು ಕುದುರೆ ಜೀನು ಹೊಲಿಯುವ ಕಸುಬಿನಿಂದ ನಿವೃತ್ತರಾದವರು. ಏನೂ ಹೇಳಲಿಲ್ಲ. ಜೇಬಿನಿಂದ ಮೇಣ ಹಚ್ಚಿದ ಹುರಿ ತೆಗೆದು ನನ್ನ ಅಂಗಿಯ ಮೇಲೆ, ಹೊಕ್ಕುಳಕ್ಕೆ ಸರಿಯಾಗಿ ಸುತ್ತಿ, ಉಸಿರು ಬಿಡು ಅಂದರು. ಹುರಿ ಕೂಡಿದ ಜಾಗವನ್ನು ಉಗುರಿನಿಂದ ಒತ್ತಿ ಹಿಡಿದುಕೊಂಡೇ ಬೇಲಿಯ ಹಲಗೆಯ ಮೇಲೆ ಚಾಚಿ, ಪಕ್ಕದಲ್ಲಿ ಕಬ್ಬಿಣದ ಅಳತೆಪಟ್ಟಿ ಇಟ್ಟರು. 38 ಇಂಚು. ನಾನು ಹಾಕಿಕೊಂಡಿದ್ದದ್ದು 33.

ಅವತ್ತು ರಾತ್ರಿ ಗದಗಿನಲ್ಲಿರುವ ನಮ್ಮ ಟೇಲರ್‌ಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಪ್ಪನಿಗೆ ನಲವತ್ತು ವರ್ಷದಿಂದ ಹೊಲಿಯುತ್ತಿರುವವರು. ಕತೆ ಕೇಳಿ ಅವರು ಕೇಳಿದ್ದು ಒಂದೇ ಮಾತು: ‘ನಡಾ ಅಂದ್ರ ಹೊಕ್ಕಳದ ಮ್ಯಾಲೆ ಹಿಡೀಬೇಕ್ರಿ. ಎಲುಬಿನ ಮ್ಯಾಲೆ ಯಾರ್ ಹಿಡೀತಾರ?’ ನನ್ನ ಚಿಕ್ಕಂದಿನ ಪೈಜಾಮಗಳನ್ನೆಲ್ಲ ಅವರು ಹಾಗೆಯೇ ಅಳೆದು ಹೊಲಿದಿದ್ದರು.

ನಿಮಗೆ ಗೊತ್ತಿರಬೇಕಾದ ದೊಡ್ಡ ವಿಷಯ ಅವತ್ತೇ ನನಗೆ ಹೊಳೆದದ್ದು. ನಾನು ಅವರಿಗೆ 1880ರ ಕೆಲಸಗಾರರ ಅಂಗಿಯ ಚಿತ್ರ ಕಳಿಸಿದೆ. ಕಾಲರ್ ಇಲ್ಲ, ಕತ್ತಿಗೆ ಬರೀ ಒಂದು ಪಟ್ಟಿ. ಗುಂಡಿಗಳು ಎದೆಯವರೆಗೆ ಮಾತ್ರ, ತಲೆಯ ಮೇಲಿಂದ ಹಾಕಿಕೊಳ್ಳಬೇಕು. ಕೆಳಗೆ ಉದ್ದನೆಯ ಬಾಲ, ಸಡಿಲ ತೋಳು, ಕಂಕುಳಲ್ಲಿ ಕೈ ಎತ್ತಲು ಅನುಕೂಲವಾಗುವಂತೆ ಸಣ್ಣ ಚೌಕ ತುಂಡು. ಪೂರ್ತಿ ಕೆಳಗಿನವರೆಗೆ ಗುಂಡಿ ಇರುವ ಅಂಗಿ ಆಗ ಇತ್ತು, ಆದರೆ ಕಡಿಮೆ. ಟೇಲರ್ ನೋಡಿ, ‘ಇದು ನಮ್ಮ ನೆಹರೂ ಅಂಗೀನ ಅಲ್ಲೇನ್ರಿ’ ಅಂದರು. ನಿಜ. ನಮ್ಮ ಕಡೆ ಹೊಲಕ್ಕೆ ಹೋಗುವವರು ಇವತ್ತಿಗೂ ಹಾಕುವ ಅಂಗಿಗೂ ಅದಕ್ಕೂ ಇರುವ ವ್ಯತ್ಯಾಸ ತೋಳಿನ ಪಟ್ಟಿ, ಜೇಬುಗಳಷ್ಟೇ. ಖಾದಿ ಭಂಡಾರದ ಸಣ್ಣ ಪಟ್ಟೆಯ ಹತ್ತಿ ಬಟ್ಟೆಯಲ್ಲಿ ಎರಡು ಅಂಗಿ, ದಪ್ಪ ಕಂದು ಕ್ಯಾನ್ವಾಸಿನಲ್ಲಿ ಒಂದು ಪ್ಯಾಂಟು ಹೊಲಿಸಿದೆ. ಬಟ್ಟೆ, ಹೊಲಿಗೆ ಸೇರಿ 2,400 ರೂಪಾಯಿ. ನಮ್ಮ ಭಾವ ಬರುವಾಗ ಸೂಟ್‌ಕೇಸಿನಲ್ಲಿ ತಂದುಕೊಟ್ಟರು. ಅಮೆರಿಕದಲ್ಲಿ ಇಂಥ ಒಂದೇ ಅಂಗಿಗೆ 60 ಡಾಲರ್ ಕೇಳುತ್ತಿದ್ದರು.

ಪ್ಯಾಂಟಿಗೆ ಟೇಲರ್‌ಗೆ ಹೇಳಬೇಕಾದದ್ದು: ಹೊಕ್ಕುಳ ಮಟ್ಟ, ಮುಂದೆ ಗುಂಡಿ, ಸಸ್ಪೆಂಡರ್‌ಗೆ ಆರು ಗುಂಡಿ (ಮುಂದೆ ಎರಡು ಜೋಡಿ, ಹಿಂದೆ ಒಂದು ಜೋಡಿ), ಹಿಂದೆ ಬಿಗಿಯುವ ಪಟ್ಟಿ, ಹಿಂಬದಿ ಜೇಬು ಒಂದು ಅಥವಾ ಇಲ್ಲವೇ ಇಲ್ಲ. ಡೆನಿಮ್ ಆಗಲೇಬೇಕು ಅಂತ ಹಟ ಹಿಡಿಯಬೇಡಿ. ಲೀವೈ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್‌ಗೆ ರಿವೆಟ್ (ಹೊಲಿಗೆ ಬಿಡದಂತೆ ಹೊಡೆಯುವ ಲೋಹದ ಮೊಳೆ) ಹೊಡೆದ ಪ್ಯಾಂಟಿನ ಪೇಟೆಂಟ್ ಸಿಕ್ಕಿದ್ದು 1873ರ ಮೇ 20ರಂದು, ನಿಜ. ಆದರೆ ಅದನ್ನು ಮೊದಲು ಹಾಕಿದವರು ಹೆಚ್ಚಾಗಿ ಗಣಿ ಕೆಲಸದವರು, ಕೂಲಿಗಳು. ದನ ಹೊಡೆಯುವವರಲ್ಲಿ ಉಣ್ಣೆ ಪ್ಯಾಂಟು, ಕ್ಯಾನ್ವಾಸ್ ಪ್ಯಾಂಟು ಹಾಕಿದವರು ಬಹಳ ಮಂದಿ. ಲೀವೈಸ್‌ಗೆ ಬೆಲ್ಟ್ ಪಟ್ಟಿ ಬಂದದ್ದು 1922ರಲ್ಲಿ. ಹಾಗಾಗಿ ಈಗಿನ ಜೀನ್ಸ್, ದೊಡ್ಡ ಬಕಲ್ಲಿನ ಬೆಲ್ಟ್ ಎರಡನ್ನೂ ಮರೆತುಬಿಡಿ. ಮುತ್ತಿನ ಹೊಳಪಿನ ಟಿಚ್ ಗುಂಡಿಯ ಶರ್ಟು ಡೆನ್ವರ್‌ನ ಜಾಕ್ ವೈಲ್ 1946ರಲ್ಲಿ ಶುರುಮಾಡಿದ ರಾಕ್‌ಮೌಂಟ್ ಕಂಪನಿಯಿಂದ ಹೆಸರಾದದ್ದು. ನೋಡಲು ಚೆಂದ, ಆದರೆ ನಿಮ್ಮ 1880ಕ್ಕೂ ಅದಕ್ಕೂ ಸಂಬಂಧವಿಲ್ಲ.

ಗನ್ ಬೆಲ್ಟ್ ಬಗ್ಗೆ ನನ್ನ ಅಭಿಪ್ರಾಯ ಕಡ್ಡಿ ಮುರಿದಂತೆ: ಕೊಳ್ಳಲೇಬೇಡಿ. ಸೊಂಟದಿಂದ ಕೆಳಗೆ ಜಾರಿಸಿ, ತೊಡೆಗೆ ದಾರ ಕಟ್ಟಿದ ಹೋಲ್‌ಸ್ಟರ್ (ಪಿಸ್ತೂಲಿನ ಚರ್ಮದ ಚೀಲ) 1950ರ ದಶಕದ ಸಿನಿಮಾ, ಟೀವಿಯ ಕೊಡುಗೆ. ಆಗಿನವರು ಪಿಸ್ತೂಲನ್ನು ಸೊಂಟದ ಮಟ್ಟದಲ್ಲೇ, ಒಳಗೆ ಮುಳುಗುವಂತೆ ಇಟ್ಟುಕೊಳ್ಳುತ್ತಿದ್ದರು. ಕ್ಯಾನ್ಸಸ್‌ನ ಡಾಡ್ಜ್ ಸಿಟಿಯಂಥ ದನದ ಪೇಟೆಗಳಲ್ಲಿ ಊರೊಳಗೆ ಪಿಸ್ತೂಲು ಒಯ್ಯುವುದಕ್ಕೇ ನಿಷೇಧ ಇತ್ತು. ಇನ್ನು ನೀವು ಎಚ್-1ಬಿ ಕೆಲಸದ ವೀಸಾ ಮೇಲಿದ್ದರೆ, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟು, ನಿಜವಾದ ಬಂದೂಕು ಇಟ್ಟುಕೊಳ್ಳುವುದು ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ದುಡ್ಡನ್ನು ಬೂಟಿಗೆ ಹಾಕಿ.

ನಿಮ್ಮ ಪ್ರಶ್ನೆಯಲ್ಲಿ ‘ಕಡಿಮೆ ದುಡ್ಡಿನಲ್ಲಿ ಅಸಲಿ ಸಾಧ್ಯವೇ’ ಅನ್ನುವ ಅನುಮಾನವಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಶಾಲೆಯಲ್ಲಿ ಮೇಷ್ಟ್ರು ನಮಗೆ ‘ಓದದಿದ್ರೆ ದನ ಕಾಯೋಕೆ ಹೋಗ್ತೀಯ’ ಅಂತ ಬೈಯುತ್ತಿದ್ದರಲ್ಲ, ಕೌಬಾಯ್ ಅಂದರೆ ಅದೇ ಕೆಲಸದವನು. ತಿಂಗಳಿಗೆ 30-40 ಡಾಲರ್ ಸಂಬಳ. ಟೆಕ್ಸಸ್‌ನಿಂದ ಕ್ಯಾನ್ಸಸ್‌ನ ರೈಲಿನವರೆಗೆ ತಿಂಗಳುಗಟ್ಟಲೆ ಧೂಳಿನಲ್ಲಿ ದನ ಹೊಡೆದುಕೊಂಡು ಹೋಗಿ, ಕೂಲಿ ಸಿಕ್ಕಾಗ ಪೇಟೆಯಲ್ಲಿ ಹೊಸ ಬಟ್ಟೆ ತೆಗೆದುಕೊಳ್ಳುತ್ತಿದ್ದ. ಉಳಿದ ಕೂಲಿಕಾರರು ಹಾಕುವುದನ್ನೇ ಹಾಕುತ್ತಿದ್ದ. ಹೊಚ್ಚಹೊಸ ಕಸೂತಿ ಬೂಟು, ಬೆಳ್ಳಿ ಬಕಲ್ಲು ಹಾಕಿದರೇ ಸುಳ್ಳಾಗುತ್ತದೆ.

ಇನ್ನೊಂದು ಮಾತು ಕೇಳಿದ್ದೀರಿ, ನಮ್ಮ ಮೈಬಣ್ಣಕ್ಕೆ ಇದು ಒಪ್ಪುತ್ತದಾ ಅಂತ. ಇದನ್ನು ಮನಸ್ಸಿನಿಂದ ತೆಗೆದುಹಾಕಿ. ಆ ಕಸುಬನ್ನು ಕಲಿಸಿದವರೇ ಮೆಕ್ಸಿಕೋದ ವಕೆರೋಗಳು, ಅಂದರೆ ಅಲ್ಲಿನ ದನಗಾಹಿಗಳು. ಲ್ಯಾರಿಯೆಟ್ (ದನ ಹಿಡಿಯುವ ಕುಣಿಕೆ ಹಗ್ಗ), ಚ್ಯಾಪ್ಸ್ (ಪ್ಯಾಂಟಿನ ಮೇಲೆ ಕಟ್ಟುವ ಚರ್ಮದ ಕಾಲುಗವಸು), ರೋಡಿಯೋ (ದನ, ಕುದುರೆ ಪಳಗಿಸುವ ಪಂದ್ಯ) ಎಲ್ಲ ಅವರ ಸ್ಪ್ಯಾನಿಷ್‌ನಿಂದ ಬಂದ ಮಾತುಗಳು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ದೊಡ್ಡ ಸಂಖ್ಯೆಯಲ್ಲಿ ಈ ಕೆಲಸ ಮಾಡಿದರು. ಗುಲಾಮನಾಗಿ ಹುಟ್ಟಿದ ಬೋಸ್ ಐಕಾರ್ಡ್, ಟೆಕ್ಸಸ್‌ನ ಹೆಸರಾಂತ ದನದ ಒಡೆಯ ಚಾರ್ಲ್ಸ್ ಗುಡ್‌ನೈಟ್‌ನ ಅತ್ಯಂತ ನಂಬಿಗಸ್ತ ಸಂಗಾತಿಯಾಗಿದ್ದ. 1929ರಲ್ಲಿ ತೀರಿಕೊಂಡ. ಫೋರ್ಟ್ ವರ್ತ್‌ನ ಪಶ್ಚಿಮಕ್ಕೆ ವೆದರ್‌ಫೋರ್ಡ್‌ನಲ್ಲಿ ಅವನ ಸಮಾಧಿಯಿದೆ, ಗುಡ್‌ನೈಟ್ ನೆಡಿಸಿದ ಕಲ್ಲಿದೆ. ನಿಮಗೆ ಹತ್ತಿರವೇ, ಒಮ್ಮೆ ಹೋಗಿ ಬನ್ನಿ. ಬಟ್ಟೆಯ ಮಾತಿಗೆ ಬಂದರೂ ಅಷ್ಟೇ: ಕತ್ತಿಗೆ ಕಟ್ಟುವ ವಸ್ತ್ರದ ಬ್ಯಾಂಡಾನಾ ಅನ್ನುವ ಹೆಸರು ನಮ್ಮ ದೇಶದ ಕಟ್ಟಿ ಬಣ್ಣ ಹಾಕುವ ಬಾಂಧ್ನೂ ಕೆಲಸದಿಂದ ಬಂದದ್ದು, ಕ್ಯಾಲಿಕೋ ಅನ್ನುವ ಹತ್ತಿ ಬಟ್ಟೆಯ ಹೆಸರು ಕಲ್ಲಿಕೋಟೆಯಿಂದ, ಡಂಗರೀಸ್ ಅನ್ನುವ ಒರಟು ಬಟ್ಟೆಯ ಪ್ಯಾಂಟಿನ ಹೆಸರು ಮುಂಬೈಯ ಡೋಂಗ್ರಿಯಿಂದ.

ಉಳಿದ ಸಾಮಾನು ಬೇಗ ಹೇಳಿಬಿಡುತ್ತೇನೆ. ವೇಸ್ಟ್‌ಕೋಟು ಬಿಡಬೇಡಿ. ಅಂಗಿಗೆ ಜೇಬಿಲ್ಲ, ಕುದುರೆ ಮೇಲೆ ಕೂತಾಗ ಪ್ಯಾಂಟಿನ ಜೇಬಿಗೆ ಕೈ ಹೋಗುವುದಿಲ್ಲ, ಹಾಗಾಗಿ ತಂಬಾಕು, ಲೆಕ್ಕದ ಪುಸ್ತಕ, ಗಡಿಯಾರ ಎಲ್ಲ ಇರುತ್ತಿದ್ದದ್ದು ಅದರಲ್ಲೇ. ಗುಡ್‌ವಿಲ್‌ನಂಥ ಹಳೆ ಬಟ್ಟೆ ಅಂಗಡಿಯಲ್ಲಿ ಸೂಟಿನಿಂದ ಬೇರೆಯಾದ ಉಣ್ಣೆ ವೇಸ್ಟ್‌ಕೋಟುಗಳು ತೂಗಿರುತ್ತವೆ. ನನ್ನದು 9 ಡಾಲರ್. ಬೆನ್ನಿನ ಹೊಳೆಯುವ ಬಟ್ಟೆ ಕಿತ್ತು ಮಂದ ಕಂದು ಹತ್ತಿ ಹಾಕಿಸಿದೆ. ಬೂಟು ಅಲ್ಲೇ 30 ಡಾಲರ್‌ಗೆ ಸಿಕ್ಕಿತು. ಉದ್ದ ಕೊಳವೆಯ ಸಾದಾ ಕಂದು ಬೂಟು, ಚೂಪು ಮೂತಿಯದ್ದಲ್ಲ, ಬಣ್ಣದ ಹೊಲಿಗೆಯಿಲ್ಲ. ಅದರ ಹಿಮ್ಮಡಿ ಸರಿಮಾಡಿಸಲು 18 ಡಾಲರ್ ಖರ್ಚಾಯಿತು. ಕೊಳವೆಯ ಮೇಲೆ ಏನಾದರೂ ಚಿತ್ತಾರ ಇದ್ದರೆ ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಡಿ, ಯಾರಿಗೂ ಕಾಣುವುದಿಲ್ಲ. ಚರ್ಮದ ಕಿವಿಯಿರುವ, ಗುಂಡಿಗೆ ಸಿಕ್ಕಿಸುವ ಸಸ್ಪೆಂಡರ್‌ಗೆ 25 ಡಾಲರ್ ಕೊಟ್ಟೆ. ಕ್ಲಿಪ್ಪಿನದ್ದು ಬೇಡ. ಕೆಂಪು ಹತ್ತಿ ಬ್ಯಾಂಡಾನಾಗೆ 4 ಡಾಲರ್.

ಹ್ಯಾಟು ಕೊನೆಗೆ. ಎರಡೂ ಬದಿ ಅಂಚು ಮೇಲಕ್ಕೆ ಮಡಚಿ, ನೆತ್ತಿಯಲ್ಲಿ ಗುಳಿ ಒತ್ತಿ ಬರುವ ಹ್ಯಾಟು ತರಬೇಡಿ. ಫಿಲಡೆಲ್ಫಿಯಾದ ಜಾನ್ ಬಿ. ಸ್ಟೆಟ್ಸನ್ 1865ರಲ್ಲಿ ತಂದ ‘ಬಾಸ್ ಆಫ್ ದ ಪ್ಲೇನ್ಸ್’ನ ನೆತ್ತಿ ದುಂಡಗಿತ್ತು, ಅಂಚು ಚಪ್ಪಟೆಯಿತ್ತು. ಹಾಕುವವನ ಕೈ, ಮಳೆ, ಬೆವರು ಸೇರಿ ಅದಕ್ಕೊಂದು ಆಕಾರ ಬರುತ್ತಿತ್ತು. ಆಕಾರ ಕೊಡದ, ದುಂಡು ನೆತ್ತಿಯ ಉಣ್ಣೆ ಫೆಲ್ಟ್ ಹ್ಯಾಟು ನನಗೆ 45 ಡಾಲರ್‌ಗೆ ಸಿಕ್ಕಿತು. ಅಸಲಿ ಬೀವರ್ ತುಪ್ಪಳದ ಫೆಲ್ಟಿಗೆ ನಮ್ಮ ಬಜೆಟ್ ಸಾಲದು, ಸಾಲಬೇಕಾಗಿಯೂ ಇಲ್ಲ. ಇಡ್ಲಿ ಪಾತ್ರೆಯ ಹಬೆ ಹಿಡಿದು ಮೆತ್ತಗೆ ಮಾಡಿ, ನೆತ್ತಿಯ ಮುಂಭಾಗವನ್ನು ಬೆರಳಿನಿಂದ ಸ್ವಲ್ಪ ಒತ್ತಿದೆ, ಅಷ್ಟೇ. ಆಕಾರಕ್ಕೆ ಮಾದರಿ ಬೇಕಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಜಾನ್ ಗ್ರಾಬಿಲ್ ತೆಗೆದ ಡಕೋಟಾದ ಫೋಟೋಗಳನ್ನು ನೋಡಿ, ‘ದ ಕೌ ಬಾಯ್’ ಅನ್ನುವುದು 1888ರ ಸುಮಾರಿನದು. ಸ್ಟುಡಿಯೋ ಒಳಗೆ ತೆಗೆದವುಗಳನ್ನು ಪೂರ್ತಿ ನಂಬಬೇಡಿ, ಅಲ್ಲಿ ಬಾಡಿಗೆ ಪಿಸ್ತೂಲು, ಬಾಡಿಗೆ ಚ್ಯಾಪ್ಸ್ ಇರುತ್ತಿದ್ದವು. ಬಯಲಲ್ಲಿ, ಕೆಲಸದ ನಡುವೆ ತೆಗೆದವನ್ನು ಹುಡುಕಿ.

ಎರಡನೇ ಸಲದ ನನ್ನ ಖರ್ಚು ಗದಗಿನ ಹೊಲಿಗೆಯೂ ಸೇರಿ 170 ಡಾಲರ್ ದಾಟಲಿಲ್ಲ. ಹಾಳಾದ 118 ಬೇರೆ. ನಿಮಗೆ ಆರು ವಾರ ಇದೆ. ಊರಲ್ಲಿ ಹೊಲಿಯಲು ಎರಡು ವಾರ ಸಾಕು, ಆದರೆ ಪಾರ್ಸೆಲ್‌ಗೆ ಅಥವಾ ಬರುವವರಿಗೆ ಎರಡು ವಾರ ಇಟ್ಟುಕೊಳ್ಳಿ. ಅಂದರೆ ಅಳತೆ ಈ ವಾರವೇ ಹೋಗಬೇಕು. ಅಂಗಿ ಹಾಕಿಕೊಂಡು, ಉಸಿರು ಬಿಟ್ಟು, ಹೊಕ್ಕುಳದ ಮೇಲೆ ಟೇಪು ಹಿಡಿಯಿರಿ. ಹಾಗೆಯೇ ಒಂದು ಕುರ್ಚಿಯ ಮೇಲೆ ಕೂತು ಇನ್ನೊಮ್ಮೆ ಹಿಡಿಯಿರಿ. ಎರಡರಲ್ಲಿ ದೊಡ್ಡದನ್ನೇ ಟೇಲರ್‌ಗೆ ಹೇಳಿ. ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಲ್ಲಿ ಅದ್ದಿ ಒಣಗಿಸಲು ಹೇಳುವುದನ್ನು ಮರೆಯಬೇಡಿ.