ಗಟ್ಟಿ ಉಕ್ಕು ಹಾಕಿದರೆ ವೆಲ್ಡ್ ಜಾಸ್ತಿ ದಿನ ಬಾಳುತ್ತದಾ?

ಪ್ರಶ್ನೆ: ನಮ್ಮ ಪ್ರೆಸ್ ಮೆಷಿನ್ನಿನ ಫ್ರೇಮಿನಲ್ಲಿ 12 ಮಿ.ಮೀ. ಪ್ಲೇಟಿಗೆ ಅಡ್ಡಲಾಗಿ ಒಂದು ಸ್ಟಿಫ್ನರ್ (ಪ್ಲೇಟಿಗೆ ಬಿಗಿತ ಕೊಡುವ ಪಟ್ಟಿ) ಇಟ್ಟು ಫಿಲೆಟ್ ವೆಲ್ಡ್ (ಎರಡೂ ಸೇರುವ ಮೂಲೆಯಲ್ಲಿ ಹಾಕುವ ವೆಲ್ಡ್) ಮಾಡಿದ್ದೇವೆ. ಪ್ರತಿ ಸ್ಟ್ರೋಕಿಗೂ ಪ್ಲೇಟಿನ ಸ್ಟ್ರೆಸ್ 20ರಿಂದ 120 ಎಂಪಿಎವರೆಗೆ (ಮೆಗಾಪಾಸ್ಕಲ್, ಸ್ಟ್ರೆಸ್ಸಿನ ಅಳತೆ) ಏರಿ ಇಳಿಯುತ್ತದೆ. ಉಕ್ಕಿನ ಯೀಲ್ಡ್, ಅಂದರೆ ಅದು ಶಾಶ್ವತವಾಗಿ ಆಕಾರ ಕೆಡಲು ಶುರುವಾಗುವ ಸ್ಟ್ರೆಸ್, 250. ನಿಮಿಷಕ್ಕೆ 10 ಸ್ಟ್ರೋಕ್, ದಿನಕ್ಕೆ 8 ಗಂಟೆ ಕೆಲಸ. ಹತ್ತು ತಿಂಗಳಲ್ಲಿ ವೆಲ್ಡ್ ಅಂಚಿನಲ್ಲಿ ಬಿರುಕು ಬಂತು. ಯೀಲ್ಡ್ 450 ಇರುವ ಉಕ್ಕು ಹಾಕಿದರೆ ಸಾಕಾ? ಬಾಳಿಕೆಯನ್ನು ಮೊದಲೇ ಅಂದಾಜು ಮಾಡುವುದು ಹೇಗೆ?

ಉತ್ತರ: ಸಾಕಾಗುವುದಿಲ್ಲ. ದಯವಿಟ್ಟು ಆ ದುಡ್ಡು ಖರ್ಚು ಮಾಡಬೇಡಿ.

ವೆಲ್ಡ್ ಬಂದು ಪ್ಲೇಟಿಗೆ ಸೇರುವ ಗೆರೆ ಇದೆಯಲ್ಲ, ಅದೇ ಟೋ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳು, ಸಿಕ್ಕಿಕೊಂಡ ಸ್ಲ್ಯಾಗ್ (ವೆಲ್ಡಿಂಗ್ ಕಿಟ್ಟ), ಅಂಡರ್‌ಕಟ್ (ಅಂಚಿನಲ್ಲಿ ಪ್ಲೇಟ್ ಕರಗಿ ಆದ ಸಣ್ಣ ತೋಡು) ಇದ್ದೇ ಇರುತ್ತವೆ. ಅಂದರೆ ಬಿರುಕಿನ ಮೊಳಕೆ ಮೊದಲ ದಿನದಿಂದಲೇ ಅಲ್ಲಿದೆ. ಮುಂದೆ ಅದು ಬೆಳೆಯಲು ಹಿಡಿಯುವ ಕಾಲವೇ ಜಾಯಿಂಟಿನ ಆಯಸ್ಸು. ಈ ಬೆಳವಣಿಗೆಯ ವೇಗ ಮೆತ್ತನೆಯ ಉಕ್ಕಿನಲ್ಲೂ ಗಟ್ಟಿ ಉಕ್ಕಿನಲ್ಲೂ ಹೆಚ್ಚುಕಮ್ಮಿ ಒಂದೇ.

ಇನ್ನೊಂದು ವಿಷಯ. ವೆಲ್ಡ್ ತಣ್ಣಗಾಗುವಾಗ ಕುಗ್ಗಲು ನೋಡುತ್ತದೆ, ಸುತ್ತಲಿನ ಲೋಹ ಬಿಡುವುದಿಲ್ಲ. ಹಾಗಾಗಿ ಅಲ್ಲಿ ಯೀಲ್ಡ್ ಹತ್ತಿರದ ಎಳೆತ ಉಳಿದುಬಿಡುತ್ತದೆ. ನೀವು ಕೊಡುವ ಲೋಡ್ ಅದರ ಮೇಲೆ ಕೂರುತ್ತದೆ. ಆದ್ದರಿಂದ ಲೆಕ್ಕಕ್ಕೆ ಬೇಕಾದದ್ದು 20 ಅಲ್ಲ, 120 ಅಲ್ಲ. ಅವುಗಳ ನಡುವಿನ ಅಂತರ, 100.

ಅಂದಾಜು ಮಾಡಲು ಅಂತಾರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಫ್ಯಾಟ್ ದರ್ಜೆಗಳನ್ನು (FAT; ಫೆಟೀಗ್, ಅಂದರೆ ಮತ್ತೆ ಮತ್ತೆ ಬೀಳುವ ಲೋಡಿನಿಂದಾಗುವ ದಣಿವಿನ ದರ್ಜೆ) ಬಳಸಿ. ಜಾಯಿಂಟಿನ ಆಕಾರಕ್ಕೆ ತಕ್ಕಂತೆ ಒಂದು ಅಂಕಿ ಇರುತ್ತದೆ. 20 ಲಕ್ಷ ಸುತ್ತು (ಒಂದು ಸಲ ಏರಿ ಇಳಿದರೆ ಒಂದು ಸುತ್ತು) ತಾಳಬಲ್ಲ ಸ್ಟ್ರೆಸ್ ಅಂತರ ಅದು. ನಿಮ್ಮಂಥ ಅಡ್ಡ ಸ್ಟಿಫ್ನರಿಗೆ, ಟೋ ಹಾಗೇ ಬಿಟ್ಟಿದ್ದರೆ, 80. ಸೂತ್ರ ಸುಲಭ:

20 ಲಕ್ಷ × (80 ÷ 100)³ = 10.24 ಲಕ್ಷ ಸುತ್ತು

ದಿನಕ್ಕೆ 4,800 ಸ್ಟ್ರೋಕಿನಂತೆ ಸುಮಾರು 213 ಕೆಲಸದ ದಿನ. ಇದು ಸುರಕ್ಷಿತ ಅಂದಾಜು. ನೂರರಲ್ಲಿ ಸುಮಾರು 98 ಜಾಯಿಂಟ್ ಇಷ್ಟಂತೂ ಬಾಳುತ್ತವೆ. ನಿಮ್ಮದು ಇನ್ನೂ ಸ್ವಲ್ಪ ಹೆಚ್ಚೇ ಬಾಳಿದೆ. ಅಂದರೆ ವೆಲ್ಡರ್ ತಪ್ಪು ಮಾಡಿಲ್ಲ, ಅವರನ್ನು ದೂರಬೇಡಿ. ಡಿಸೈನೇ ಅಷ್ಟು.

ಸೂತ್ರದಲ್ಲಿ ಯೀಲ್ಡ್ ಎಲ್ಲೂ ಇಲ್ಲ, ಗಮನಿಸಿದಿರಾ? ಗಟ್ಟಿ ಉಕ್ಕು ಅಂತ ಪ್ಲೇಟ್ ತೆಳ್ಳಗೆ ಮಾಡಿ, ಅಂತರ 180ಕ್ಕೆ ಏರಲು ಬಿಟ್ಟರೆ ಬಾಳಿಕೆ 1.76 ಲಕ್ಷ ಸುತ್ತಿಗೆ ಕುಸಿಯುತ್ತದೆ. ನನಗೆ ಭಯ ಇರುವುದು ಇದರ ಬಗ್ಗೆಯೇ. ಸ್ಟ್ರೆಂತ್ ಲೆಕ್ಕ ಪಾಸಾಗುತ್ತದೆ, ಫ್ರೇಮ್ ಮಾತ್ರ ಎರಡು ತಿಂಗಳು ದಾಟುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಾಧ್ಯವಾದರೆ ಸ್ಟಿಫ್ನರನ್ನು ಸ್ಟ್ರೆಸ್ ಕಡಿಮೆ ಇರುವ ಕಡೆ ಸರಿಸಿ. ಇಲ್ಲವೇ ಪ್ಲೇಟನ್ನು 15 ಮಿ.ಮೀ.ಗೆ ಏರಿಸಿ. ನೇರ ಎಳೆತವಾದರೆ ಅಂತರ 80ಕ್ಕೆ ಇಳಿದು ಬಾಳಿಕೆ ಸುಮಾರು ದುಪ್ಪಟ್ಟಾಗುತ್ತದೆ. ಟೋವನ್ನು ಬರ್ ಗ್ರೈಂಡರಿನಿಂದ (ತಿರುಗುವ ಸಣ್ಣ ಕೊರೆಯುವ ತುದಿಯ ಯಂತ್ರ) ಉಜ್ಜುವುದೂ ಒಳ್ಳೆಯ ದಾರಿ. ತಾಳುವ ಸ್ಟ್ರೆಸ್ 1.3 ಪಟ್ಟು, ಬಾಳಿಕೆ 2.2 ಪಟ್ಟು. ಆದರೆ ಮೇಲೆ ಹೊಳೆಯುವಂತೆ ಸುಮ್ನೆ ಉಜ್ಜಿದರೆ ಪ್ರಯೋಜನವಿಲ್ಲ. ಕಾಣುವ ಅಂಡರ್‌ಕಟ್ಟಿಗಿಂತ ಅರ್ಧ ಮಿ.ಮೀ. ಆಳಕ್ಕಾದರೂ ಹೋಗಬೇಕು. ಆಗಲೇ ಆ ಸೀಳುಗಳು ಹೋಗುವುದು. ಲೋಡ್ ಹೊರುವ, ಅಂದರೆ ಬಲವೇ ವೆಲ್ಡಿನ ಮೂಲಕ ಸಾಗುವ, ಫಿಲೆಟ್ ವೆಲ್ಡಾದರೆ ಬಿರುಕು ಒಳಗಿನ ರೂಟಿನಿಂದಲೂ (ವೆಲ್ಡಿನ ಬುಡ) ಹೊರಡಬಹುದು. ಅಲ್ಲಿ ದರ್ಜೆ ಬರೀ 36, ಅದನ್ನು ವೆಲ್ಡಿನ ಥ್ರೋಟ್ (ವೆಲ್ಡಿನ ಅತಿ ಕಿರಿದಾದ ದಪ್ಪ) ಸ್ಟ್ರೆಸ್ಸಿಗೆ ಹೋಲಿಸಬೇಕು. ಟೋ ಉಜ್ಜಿ ಅದನ್ನು ತಡೆಯಲಾಗದು.

ಪ್ರಶ್ನೆ: ಕಂಪ್ಯೂಟರ್ ಮಾಡೆಲ್ಲಿನಲ್ಲಿ ಮೆಶ್ (ಲೆಕ್ಕಕ್ಕಾಗಿ ಮಾಡೆಲ್ಲನ್ನು ಒಡೆಯುವ ತುಣುಕುಗಳ ಬಲೆ) ಸಣ್ಣದು ಮಾಡಿದಷ್ಟೂ ಟೋ ಬಳಿ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಯಾವುದನ್ನು ನಂಬಲಿ?

ಉತ್ತರ: ಟೋ ಮೇಲಿನ ಅಂಕಿಯನ್ನು ನಂಬಬೇಡಿ. ಚೂಪು ಮೂಲೆಯಲ್ಲಿ ಅದಕ್ಕೆ ಕೊನೆಯೇ ಇಲ್ಲ. ಟೋದಿಂದ ಪ್ಲೇಟ್ ದಪ್ಪದ 0.4 ಪಟ್ಟು ಮತ್ತು 1.0 ಪಟ್ಟು ದೂರದಲ್ಲಿ ಮೇಲ್ಮೈ ಸ್ಟ್ರೆಸ್ ಓದಿಕೊಳ್ಳಿ. 12 ಮಿ.ಮೀ. ಪ್ಲೇಟಿಗೆ 4.8 ಮತ್ತು 12 ಮಿ.ಮೀ. ಮೊದಲನೆಯದನ್ನು 1.67ರಿಂದ ಗುಣಿಸಿ, ಎರಡನೆಯದರ 0.67 ಭಾಗ ಕಳೆಯಿರಿ. ಬರುವುದು ಹಾಟ್ ಸ್ಪಾಟ್ ಸ್ಟ್ರೆಸ್. ನಿಮ್ಮ ಸ್ಟಿಫ್ನರಿನಂತೆ ಲೋಡ್ ಹೊರದ ಫಿಲೆಟ್ ವೆಲ್ಡಿಗೆ ಇದನ್ನು 80ರ ಜೊತೆ ಹೋಲಿಸಬಾರದು, 100ರ ಜೊತೆ ಹೋಲಿಸಿ.