ಪುಕಪುಕ ಅನ್ನೋಕೆ ನಾಚಿಕೆ ಯಾಕೆ?

ತಿಪಟೂರಿನ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಪರೀಕ್ಷೆ ಲೇಖನದಲ್ಲಿ “ಎದೆ ಪುಕಪುಕ ಅನ್ನುತ್ತಿತ್ತು” ಅಂತ ಅಚ್ಚಾಗಿದೆ. ಇದು ಬೀದಿ ಮಾತು. ಆತಂಕ ಅಂತ ಬರೆಯಬಹುದಿತ್ತು. ಮಕ್ಕಳೂ ಓದುವ ಪತ್ರಿಕೆಯಲ್ಲಿ ಇದನ್ನು ಕಂಡು ಟೆನ್ಶನ್ ಆಯಿತು.’

ಸಂಪಾದಕರ ಉತ್ತರ: ಕೋರ್ಟ್ ತೀರ್ಪಿನ ವರದಿಯಲ್ಲಿ ಪುಕಪುಕ ಬಂದರೆ ನಾನೇ ಹೊಡೆದುಹಾಕುತ್ತೇನೆ, ಅಷ್ಟು ಒಪ್ಪಿದೆ. ಆದರೆ ರಿಸಲ್ಟ್ ನೋಡಲು ನಿಂತ ಹುಡುಗನಿಗೆ ಆಗುವುದು ಆತಂಕ ಅಲ್ಲ ಸ್ವಾಮಿ. ಅವನು ಹೊರಗೆ ನಗುತ್ತಾ ಇರುತ್ತಾನೆ, ಒಳಗೆ ಮಾತ್ರ ಪುಕಪುಕ. ಪುಕ್ಕಲ ಅನ್ನುವ ಮಾತಿನ ನೆಂಟನಂತೆ ಕಿವಿಗೆ ಬೀಳುತ್ತದೆ, ಆದರೆ ಬೈಗುಳದ ಖಾರ ಇದಕ್ಕಿಲ್ಲ. ಢವಢವ ಅಂದರೆ ಎದೆಬಡಿತ ಕಿವಿಗೇ ಕೇಳುವಷ್ಟು. ಗಡಗಡ ಅಂದರೆ ನಡುಕ ಪಕ್ಕದವರಿಗೂ ಕಾಣುತ್ತದೆ. ಕಸಿವಿಸಿಯಲ್ಲಿ ಹೆದರಿಕೆಗಿಂತ ಮುಜುಗರವೇ ಜಾಸ್ತಿ. ಇಷ್ಟನ್ನೂ ಒಂದೇ ‘ಆತಂಕ’ದಲ್ಲಿ ತುರುಕಿದರೆ ಹೇಗೆ?

ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಅಜ್ಜಿ ಕಾಫಿ ಲೋಟ ಕೈಗಿಟ್ಟು ‘ಪುಕಪುಕ ಅಂತಿದೆಯೇನೋ ಮಗಾ?’ ಅಂತ ಕೇಳಿದ್ದರು. ಹೂಂ ಅಂದೆ. ಅರ್ಧ ಭಯ ಅಲ್ಲೇ ಇಳಿಯಿತು. ‘ಆತಂಕವಾಗಿದೆಯಾ’ ಅಂತ ಕೇಳಿದ್ದರೆ ಇನ್ನೂ ಹೆದರುತ್ತಿದ್ದೆ.

ಬೀದಿ ಮಾತು ಅಂದಿರಿ. ಸದ್ದನ್ನು ಅನುಕರಿಸುವ ಇಂಥ ಮಾತುಗಳಿಗೆ 13ನೇ ಶತಮಾನದಲ್ಲೇ ಕೇಶಿರಾಜ ತನ್ನ ಕನ್ನಡ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲಿ ಜಾಗ ಕೊಟ್ಟಿದ್ದಾನೆ. ಕೊಡವ ಭಾಷೆಯ ಮೇಲೂ ಕೆಲಸ ಮಾಡಿದ್ದ ಅಮೆರಿಕದ ಭಾಷಾಶಾಸ್ತ್ರಜ್ಞ ಎಮೆನೊ, ಭಾರತದ ಬೇರೆ ಬೇರೆ ಭಾಷಾ ಕುಟುಂಬಗಳಲ್ಲಿ ಹೀಗೆ ಜೋಡಿಯಾಗಿ ಬರುವ ಸದ್ದಿನ ಮಾತುಗಳ ಬಗ್ಗೆಯೇ 1969ರಲ್ಲಿ ದೊಡ್ಡ ಲೇಖನ ಬರೆದರು. ಇವು ಬರುವ ರೀತಿ ನೋಡಿ: ಎದೆ ಪುಕಪುಕ ಅನ್ನುತ್ತದೆ, ಹೊಟ್ಟೆ ಚುರುಚುರು ಅನ್ನುತ್ತದೆ. ‘ಅನ್ನು’ ಸೇರಿದ ಕೂಡಲೇ ಎದೆಗೂ ಹೊಟ್ಟೆಗೂ ಬಾಯಿ ಬಂತು! ಇಂಥ ಆಸ್ತಿಯನ್ನು ಬೀದಿಗೆ ತಳ್ಳಬೇಕಾ?

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಪುಕಪುಕ ಬೇಡ ಅಂದವರು ಟೆನ್ಶನ್ ಅಂತ ಬರೆದಿದ್ದೀರಿ. ತಪ್ಪು ನಿಮ್ಮದೊಬ್ಬರದೇ ಅಲ್ಲ. ಟಿವಿ ಹಾಕಿದರೆ ಮಳೆ ಬಂದರೂ ಆತಂಕ, ಬಾರದಿದ್ದರೂ ಆತಂಕ, ಚಿರತೆ ಕಂಡರೂ ಆತಂಕ. ಶಾಲೆಯಲ್ಲಿ ಮಕ್ಕಳು ಪ್ರಬಂಧದಲ್ಲಿ ಮನೆಮಾತು ಬರೆದರೆ ಕೆಂಪು ಗೆರೆ ಎಳೆಯುತ್ತೇವೆ. ಆಮೇಲೆ ಮಕ್ಕಳಿಗೆ ಕನ್ನಡ ಬರಲ್ಲ ಅಂತ ನಾವೇ ಗೋಳಾಡುತ್ತೇವೆ. ಬರೆಯುವ ಕನ್ನಡವನ್ನು ನಾವೇ ಇಸ್ತ್ರಿ ಹಾಕಿ ಬೀರುವಿನಲ್ಲಿ ಇಟ್ಟುಬಿಟ್ಟರೆ ಅವರು ಇನ್ನೇನು ಉಡಬೇಕು ಹೇಳಿ?

ಪತ್ರ ಬರೆದಿರಲ್ಲ, ಅದೇ ಖುಷಿ. ತಿಪಟೂರಿನ ಸಂತೆಯಲ್ಲಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಹೆದರಿಕೆಗೆ ಇನ್ನೇನೇನು ಮಾತಿವೆ ಅಂತ ಕೇಳಿ ಬರೆದು ಕಳಿಸಿ. ಒಂದನ್ನೂ ತಿದ್ದದೆ ಅಚ್ಚು ಹಾಕುತ್ತೇನೆ.